ರಟ್ಟಿನ ಯುದ್ಧದೋಣಿ

ನನ್ನ ಕೆಲಸ ಹೋಗಿ ವೀಸಾ ರದ್ದಾದ ಮೇಲೆ ದುಬೈಯ ಜುಮೇರಾ ಲೇಕ್ ಟವರ್ಸ್‌ನ ಮನೆಯಲ್ಲಿ ಸಾಮಾನು ಕಟ್ಟುತ್ತಿದ್ದೆವು. ಮಗಳು ಮಾತ್ರ ಶಾಲೆಯ ಪ್ರಾಜೆಕ್ಟಿಗೆಂದು ಅಮೆರಿಕದ ಅಂತರ್ಯುದ್ಧದ, ಕಬ್ಬಿಣ ಹೊದಿಸಿದ ಯುದ್ಧದೋಣಿಯೊಂದನ್ನು ರಟ್ಟಿನಲ್ಲಿ ಮಾಡುತ್ತಿದ್ದಳು. ಇನ್ನು ಆ ಶಾಲೆಯಿಲ್ಲವೆಂದು ಗದರಿದರೂ ಬಿಡಲಿಲ್ಲ.

ಹೊಳೆಯ ಹರಿವಿಗೆ ಎದುರಾಗಿ ಹೋಗಿ ಶತ್ರುವಿನ ಕೋಟೆಗೆ ಗುಂಡು ಹಾರಿಸುವಾಗ ಆ ದೋಣಿಗಳಿಗೆ ಒಂದು ಅನುಕೂಲವಿತ್ತಂತೆ: ಇಂಜಿನ್ ಕೆಟ್ಟರೆ ನೀರೇ ಅವನ್ನು ಹಿಂದಕ್ಕೆ, ತಮ್ಮವರ ಕಡೆಗೆ ತಂದುಬಿಡುತ್ತಿತ್ತು. ಅವಳ ಪುಸ್ತಕದಲ್ಲಿ ಇದನ್ನು ಓದಿ ನಾನು ಸುಮ್ಮನಿರಬಹುದಿತ್ತು.

“ನಮ್ಮದೂ ಅಷ್ಟೇ ಮಗಾ. ಇಂಜಿನ್ ಕೆಟ್ಟಿತು, ಇನ್ನು ತೇಲಿಕೊಂಡು ಮಂಗಳೂರಿಗೆ ಹೋಗುವ” ಎಂದೆ.

ದುಬೈಯಲ್ಲೇ ಹುಟ್ಟಿ ಬೆಳೆದ ಅವಳು ದೋಣಿಗೆ ಬೆಳ್ಳಿ ಕಾಗದ ಅಂಟಿಸುತ್ತಾ, ತಲೆ ಎತ್ತದೆ ಹೇಳಿದಳು: “ಅದು ನಿಮ್ಮ ಸೈಡ್, ಪಪ್ಪಾ. ನನ್ನದು ಇಲ್ಲೇ.”