ಅಪ್ಪನ ಕೈ ಇಳಿಸಿದ ಹಿಲ್ಡಾ ಆಂಟಿ

ಆಗ ನಮ್ಮ ಭಾನುವಾರಗಳಿಗೆಲ್ಲ ದಾಲ್ಚಿನ್ನಿಯ ವಾಸನೆ ಇರುತ್ತಿತ್ತು. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಜರ್ಮನ್ ಬ್ಯಾಪ್ಟಿಸ್ಟರ ಚರ್ಚ್ ಇತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಹಡಗು ಹತ್ತಿ ಬಂದವರು ಕಟ್ಟಿಕೊಂಡದ್ದು. ಬೆಳಿಗ್ಗೆ ಅವರ ಜರ್ಮನ್ ಆರಾಧನೆ, ಮಧ್ಯಾಹ್ನ ಹುಬ್ಬಳ್ಳಿ-ಧಾರವಾಡ ಕಡೆಯ ನಾಲ್ಕಾರು ಕ್ರೈಸ್ತ ಮನೆಯವರ ಕನ್ನಡ ಪ್ರಾರ್ಥನೆ. ನಡುವೆ ಎಲ್ಲರೂ ಸೇರಿ ಊಟ. ಎಂಬತ್ತು ದಾಟಿದ ಹಿಲ್ಡಾ ಆಂಟಿ ಸೇಬಿನ ಕೇಕು ತರುತ್ತಿದ್ದರು. ಅವ್ವನ ಗಿರ್ಮಿಟ್ಟು ತಿಂದು ಮೂಗು ಕೆಂಪಾಗಿಸಿಕೊಂಡು, ಕಣ್ಣೊರೆಸಿಕೊಂಡು, ಮತ್ತೆ ತಟ್ಟೆ ಒಡ್ಡುತ್ತಿದ್ದರು.

ನಮಗೆ ಮಕ್ಕಳಿಗೆ ವೇದಿಕೆಯ ಮೇಲೇ ಕಣ್ಣು. ಅದರ ಹಲಗೆಗಳ ಕೆಳಗೆ ನೀರಿನ ತೊಟ್ಟಿ ಇತ್ತು. ದೊಡ್ಡವರಾದ ಮೇಲೆ ತಾವಾಗಿ ಒಪ್ಪಿ, ಅದರಲ್ಲಿ ಪೂರ್ತಿ ಮುಳುಗಿ ಎದ್ದರೆ ಮಾತ್ರ ಅಲ್ಲಿ ದೀಕ್ಷಾಸ್ನಾನ. ನಾವು ಹಲಗೆ ಮೇಲೆ ಧಡಧಡ ಕುಣಿದರೆ ಅಪ್ಪ, "ಬಿದ್ರ ನೀವೂ ಬ್ಯಾಪ್ಟಿಸ್ಟ್ ಆಗ್ತೀರಿ ನೋಡ್ರಿ" ಎಂದು ನಗುತ್ತಿದ್ದ.

ಅಪ್ಪ ಅಲ್ಲಿಯ ಹುಲ್ಲು ಕತ್ತರಿಸುತ್ತಿದ್ದ, ಕುರ್ಚಿ ರಿಪೇರಿ ಮಾಡುತ್ತಿದ್ದ, "ನಮ್ಮ ಚರ್ಚು" ಅನ್ನುತ್ತಿದ್ದ. ಅವರ ವ್ಯವಸ್ಥೆಯೆಂದರೆ ಅವನಿಗೆ ಪ್ರಾಣ. "ಇವರಿಗೆ ಬಿಷಪ್ಪೇ ಇಲ್ಲ! ಸಿಡ್ನಿ, ಮೆಲ್ಬರ್ನ್ ಜರ್ಮನ್ ಚರ್ಚೆಲ್ಲಾ ಕೂಡಿ ಒಂದು ಸಂಘ ಐತಿ ಖರೆ, ಆದ್ರ ಯಾರ ಮ್ಯಾಲೂ ಯಾರ ಹುಕುಂ ಇಲ್ಲ. ಸಭಾದವರೇ ಕೈ ಎತ್ತಿ ತೀರ್ಮಾನ ಮಾಡ್ತಾರ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಒಂದು ಚಳಿಗಾಲ ಚರ್ಚಿನ ಹರೆಯದವರು ಹೊಸ ಮಾತು ತೆಗೆದರು: ಇನ್ನು ಮೇಲೆ ಎಲ್ಲವೂ ಇಂಗ್ಲಿಷಿನಲ್ಲೇ. ಅಂದರೆ ಜರ್ಮನ್ನೂ ಇಲ್ಲ, ನಮ್ಮ ಕನ್ನಡವೂ ಇಲ್ಲ. ಹಿಲ್ಡಾ ಆಂಟಿ ನಮ್ಮ ಮನೆಗೆ ಬಂದು ಅತ್ತರು. "ಇಂಗ್ಲಿಷಿನಲ್ಲಿ ಪ್ರಾರ್ಥಿಸಿದರೆ ಬೇರೆ ಯಾರೋ ಪ್ರಾರ್ಥಿಸಿದಂತೆ ಇರುತ್ತದೆ" ಎಂದರು. ನಾನು ನಿಮ್ಮ ಪರ ಇದ್ದೇನೆ ಎಂದು ಅಪ್ಪ ಮಾತು ಕೊಟ್ಟ.

ಸಭೆಯ ದಿನ ಉಳಿದ ಕನ್ನಡದವರು ಇನ್ನೂ ಬಂದಿರಲಿಲ್ಲ. ಅವ್ವ, ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆವು. ಇಂಗ್ಲಿಷ್ ಬೇಕೆಂದವರು ಕೈ ಎತ್ತಿದರು. ಬೇಡವೆಂದವರಲ್ಲಿ ಮೊದಲ ಕೈ ಹಿಲ್ಡಾ ಆಂಟಿಯದು, ಹಿಂದೆಯೇ ಅಪ್ಪನದು. ಹೊಸದಾಗಿ ಬಂದಿದ್ದ ಪಾಸ್ಟರ್ ಎಣಿಸಿ, "ಎರಡೂ ಕಡೆ ಸಮ. ಬಹುಮತ ಇಲ್ಲ, ಹಳೆಯದೇ ಮುಂದುವರಿಯುತ್ತದೆ" ಎಂದರು. ನಾನು ಚಪ್ಪಾಳೆ ತಟ್ಟಿಬಿಟ್ಟೆ.

ಆಗ ಹಿಲ್ಡಾ ಆಂಟಿ ಎದ್ದರು. "ಪಾಸ್ಟರ್, ಒಂದು ಕೈ ಹೆಚ್ಚಾಗಿದೆ." ಅಪ್ಪನ ಕಡೆ ಬೆರಳು ತೋರಿಸಿದರು. "ಅವನಿಗೆ ಹಸುಗೂಸಾಗಿದ್ದಾಗ ಅವನ ಊರಿನ ಚರ್ಚಿನಲ್ಲಿ ನೀರು ಚಿಮುಕಿಸಿದ್ದಾರೆ ಅಷ್ಟೇ. ನಮ್ಮ ತೊಟ್ಟಿಗೆ ಇಳಿದಿಲ್ಲ. ಅವನು ಸದಸ್ಯನಲ್ಲ, ಅವನ ಕೈ ಲೆಕ್ಕಕ್ಕೆ ಬರುವುದಿಲ್ಲ."

ಅಯ್ಯೋ ದೇವರೇ! ಎಲ್ಲರೂ ಅಪ್ಪನನ್ನು ತಮ್ಮವನೆಂದೇ ತಿಳಿದಿದ್ದರು. ಸದಸ್ಯನೋ ಅಲ್ಲವೋ ಎಂಬುದು ಯಾರಿಗೂ ಹೊಳೆದೇ ಇರಲಿಲ್ಲ. ಅಪ್ಪನಿಗೂ ಹೊಳೆದಿರಲಿಲ್ಲ. ಅವನ ಕೈ ಮೆಲ್ಲಗೆ ಕೆಳಗಿಳಿಯಿತು, ಇಂಗ್ಲಿಷ್ ಗೆದ್ದಿತು.

"ಅಲ್ರೀ, ಈ ಮುದುಕಿಗೆ ತಲಿ ಕೆಟ್ಟೈತೇನ್ರಿ? ತನ್ನ ಕಾಲ ಮ್ಯಾಲೆ ತಾನೇ ಕಲ್ಲು ಎತ್ತಿ ಹಾಕ್ಕೊಂಡ್ಳಲ್ಲಾ!" ಎಂದಳು ಅವ್ವ.

ಹಿಲ್ಡಾ ಆಂಟಿ ಅಡುಗೆಮನೆಗೆ ಬಂದು ಕುರ್ಚಿಯಲ್ಲಿ ಕುಸಿದರು. ಯಾಕೆ ಹೀಗೆ ಮಾಡಿದಿರಿ ಎಂದು ಅಪ್ಪ ಕೇಳಿದ.

"ಕೂಸಿಗೆ ಹಾಕಿದ ನೀರು ದೀಕ್ಷೆಯಲ್ಲ ಅಂದಿದ್ದಕ್ಕೆ ಜರ್ಮನಿಯಲ್ಲಿ ನನ್ನ ಮುತ್ತಜ್ಜನನ್ನು ಜೈಲಿಗೆ ಹಾಕಿದ್ದರು. ಇವತ್ತು ನನಗೆ ಬೇಕಾಯಿತು ಅಂತ ನಾನು ಬೇರೆ ಮಾತಾಡಲಾ?"

ಮನೆಗೆ ಮರಳುವ ದಾರಿಯಲ್ಲಿ ಅಪ್ಪ ಒಂದೇ ಮಾತು ಹೇಳಿದ: "ಧಾರವಾಡದಾಗ ನಮ್ಮ ಮುತ್ತಜ್ಜಗ ನೀರು ಹಾಕಿದವರೂ ಜರ್ಮನ್ ಪಾದ್ರಿಗಳೇ. ನನಗ ಒಮ್ಮೆ ಆಗೇತಿ. ಮತ್ತ ಮುಳುಗಂಗಿಲ್ಲ." ಇಬ್ಬರೂ ಬಗ್ಗಲಿಲ್ಲ. ಆದರೂ ಮುಂದಿನ ಭಾನುವಾರ ಅಪ್ಪ ಹುಲ್ಲು ಕತ್ತರಿಸಲು ಹೋದ, ಹಿಲ್ಡಾ ಆಂಟಿ ಅವನಿಗೆ ಕೇಕು ಕಟ್ಟಿಕೊಟ್ಟರು. ಕನ್ನಡದ ಮನೆಗಳು ಮಾತ್ರ ಒಂದೊಂದಾಗಿ ಬರುವುದು ಬಿಟ್ಟವು.

ಹರೆಯಕ್ಕೆ ಬಂದಾಗ ನಾನೇ ಒಪ್ಪಿ ಆ ತೊಟ್ಟಿಗೆ ಇಳಿದೆ. ಈಗ ಮೆಲ್ಬರ್ನ್‌ನಲ್ಲಿ ಅದೇ ಸಂಘದ ಚರ್ಚಿನ ಸದಸ್ಯೆ. ಅಲ್ಲಿ ಜರ್ಮನ್ ಬಲ್ಲವರು ಒಬ್ಬರೂ ಉಳಿದಿಲ್ಲ, ಹಿಲ್ಡಾ ಆಂಟಿಯಂತೂ ತೀರಿಕೊಂಡು ವರ್ಷಗಳಾದವು. ನಾನು ಕನ್ನಡದಲ್ಲಿ ಪ್ರಾರ್ಥಿಸಲು ಕೂತರೆ ಅರ್ಧಕ್ಕೇ ಇಂಗ್ಲಿಷಿಗೆ ಹೊರಳುತ್ತೇನೆ, ಬೇರೆ ಯಾರೋ ಪ್ರಾರ್ಥಿಸಿದಂತೆ ಇರುತ್ತದೆ. ಹೋದ ಸಭೆಯಲ್ಲಿ ಕಾರ್ ಪಾರ್ಕಿಂಗಿಗೆ ನೆರಳಿನ ಚಾವಣಿ ಹಾಕಿಸುವುದಕ್ಕೆ ಕೈ ಎತ್ತಿದೆ. ನನ್ನ ಕೈ ಲೆಕ್ಕಕ್ಕೆ ಬಂತು.