ಸೂಜಿಯಕ್ಕ ಬೇರ್ಪಡಿಸಿದ ಜೀರುಂಡೆ

ಸಂಗ್ರಹಾಲಯದ ಮೂರನೇ ಮಹಡಿಯಲ್ಲಿರುವ ಹುಳದ ಕೋಣೆಗೆ ಸೂಜಿಯಕ್ಕ ಬಂದದ್ದು ಕಸ ಗುಡಿಸಲು. ಒಂದು ದಿನ, ಆಗ ಅಲ್ಲಿದ್ದ ಮುದಿ ಪ್ರೊಫೆಸರರ ಕೈ ನಡುಗಿ, ಅಂಗಿ ಗುಂಡಿಯಷ್ಟು ದೊಡ್ಡ ಜೀರುಂಡೆಯೊಂದು ಸೂಜಿಯ ಕೆಳಗೆ ಎರಡು ಹೋಳಾಯಿತು. ಇವಳು ಪೊರಕೆಯನ್ನು ಗೋಡೆಗೆ ಒರಗಿಸಿ, "ಇನ್ನೊಂದಿದ್ರೆ ಇಲ್ಲಿ ಕೊಡಿ" ಎಂದಳು. ಗಂಡ ದರ್ಜಿ. ಅವನ ಅಂಗಡಿಯಲ್ಲಿ ಹತ್ತು ವರ್ಷ ಗುಂಡಿಮನೆ ಹೊಲಿದ ಕೈ ಅದು, ಅಲುಗಲಿಲ್ಲ. ಪ್ರೊಫೆಸರರು ಪೊರಕೆಯನ್ನು ಬೇರೆಯವರಿಗೆ ಕೊಡಿಸಿ ಇವಳಿಗೆ ಕುರ್ಚಿ ಹಾಕಿಸಿದರು.

ಅಂದಿನಿಂದ ಇಪ್ಪತ್ತಾರು ವರ್ಷ ಅದೇ ಕೆಲಸ. ಒಣಗಿ ಸೆಟೆದ ಹುಳುಗಳನ್ನು ಒದ್ದೆ ಮರಳಿನ ಡಬ್ಬಿಯಲ್ಲಿಟ್ಟು ಮೆತ್ತಗಾಗಿಸುವುದು, ಕಾಲುಗಳನ್ನು ಒಂದೊಂದಾಗಿ ಬಿಡಿಸುವುದು, ಬಲಗಡೆಯ ರೆಕ್ಕೆಚಿಪ್ಪಿನಲ್ಲಿ ಸೂಜಿ ಇಳಿಸುವುದು, ಎಲ್ಲಿ ಸಿಕ್ಕಿತು, ಯಾವಾಗ, ಯಾರಿಗೆ ಎಂದು ಬರೆದ ಚೀಟಿಯನ್ನು ಅದರಡಿ ಸಿಕ್ಕಿಸುವುದು. ಪ್ರೊಫೆಸರರು ನಿವೃತ್ತರಾದರು, ತೀರಿಯೂ ಹೋದರು. ಕಾಗದಪತ್ರದಲ್ಲಿ ಇವಳು ಇನ್ನೂ 'ಸಹಾಯಕಿ'ಯೇ.

ಹೊಸ ಮುಖ್ಯಸ್ಥರು ದೊಡ್ಡ ದೊಡ್ಡ ಪದವಿ ಪಡೆದು ಬಂದವರು. ಬಂದವರೇ ಹಳೆಯ ಮರದ ಪೆಟ್ಟಿಗೆಗಳನ್ನೆಲ್ಲ ಖಾಲಿ ಮಾಡಿ ಉಕ್ಕಿನ ಕಪಾಟಿಗೆ ತುಂಬಲು ಹೇಳಿದರು. ಹಾಗೆ ಸೂಜಿಯಕ್ಕನ ಮೇಜಿಗೆ ಬಂದದ್ದು ಸಗಣಿ ಜೀರುಂಡೆಗಳ ಒಂದು ಪೆಟ್ಟಿಗೆ. ಇನ್ನೂರ ಹದಿನಾಲ್ಕು ಹುಳು, ಎಲ್ಲಕ್ಕೂ ಸೇರಿ ಒಂದೇ ಹೆಸರು. ಸೂಜಿಗಳಿಗೆ ತುಕ್ಕು ಹಿಡಿದಿತ್ತು. ಬದಲಾಯಿಸುತ್ತ ಕುಳಿತಳು.

ಮೊದಲು ಗೊತ್ತಾದದ್ದು ಬೆರಳಿಗೆ. ಕೆಲವು ಚಿಪ್ಪಿನಲ್ಲಿ ಸೂಜಿ ಸರಾಗವಾಗಿ ಇಳಿಯಿತು, ಕೆಲವು 'ಟಕ್' ಎಂದು ಎದುರು ನಿಂತವು. ಅನುಮಾನ ಬಂದು ಭೂತಗನ್ನಡಿ ಹಿಡಿದಳು. ಸೂಜಿ ಸರಾಗವಾಗಿ ಇಳಿದವಕ್ಕೆ ಹಿಂಭಾಗದಲ್ಲಿ ಹೊಂಬಣ್ಣದ ಕೂದಲು. ಎದುರು ನಿಂತವು ನುಣ್ಣನೆ ಬೋಳು. ಚೀಟಿಗಳನ್ನು ಓದಿದರೆ ಕೂದಲಿನವೆಲ್ಲ ಬಯಲಿನಲ್ಲಿ ಹಿಡಿದವು, ಬೋಳಿನವೆಲ್ಲ ಕಾಡಿನೊಳಗೆ ಸಿಕ್ಕವು. ಮೂರು ವಾರ ಒಂದೊಂದನ್ನೂ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಳು. ಆಮೇಲೆ ಪೆಟ್ಟಿಗೆಯ ನಡುವೆ ಒಂದು ದಾರ ಕಟ್ಟಿ, ಕೂದಲಿನ ನೂರ ಮೂವತ್ತೊಂದನ್ನು ಆಚೆಗೂ ಬೋಳಿನ ಎಂಬತ್ತಮೂರನ್ನು ಈಚೆಗೂ ನಿಲ್ಲಿಸಿದಳು.

ಮುಖ್ಯಸ್ಥರು ಮುಖ ಗಂಟಿಕ್ಕಿದರು. "ಇದಕ್ಕೆ ಯಾರು ಕೈ ಹಾಕಿದ್ದು?"

"ನಾನೇ ಸರ್. ಇವು ಎರಡು ಬೇರೆ ಬೇರೆ."

"ನೋಡಮ್ಮ, ಮರಿಯಾಗಿದ್ದಾಗ ಹೊಟ್ಟೆ ತುಂಬ ತಿಂದದ್ದಕ್ಕೆ ತಲೆ ಮೇಲೆ ದೊಡ್ಡ ಕೊಂಬು, ಅರೆಹೊಟ್ಟೆ ತಿಂದದ್ದಕ್ಕೆ ಚಿಕ್ಕ ಕೊಂಬು. ಹುಳ ಒಂದೇ. ಎಲ್ಲ ಪುಸ್ತಕದಲ್ಲೂ ಇದೆ."

"ಕೊಂಬಿನ ತಂಟೆಗೇ ನಾನು ಹೋಗಿಲ್ಲ ಸರ್. ಹಿಂದಿನ ಕೂದಲು ನೋಡಿ."

"ಉಜ್ಜಿ ಉದುರಿರುತ್ತೆ."

"ಉದುರಿದ್ರೆ ಬುಡದ ಗುಳಿಯಾದ್ರೂ ಉಳೀಬೇಕಲ್ವಾ? ಬೋಳು ಹುಳದಲ್ಲಿ ಗುಳೀನೇ ಇಲ್ಲ."

ಅವಳು ಚಾಚಿದ ಭೂತಗನ್ನಡಿಯನ್ನು ಅವರು ಕೈಗೂ ತೆಗೆದುಕೊಳ್ಳಲಿಲ್ಲ. "ಸಂಜೆಯೊಳಗೆ ಎಲ್ಲ ಮೊದಲಿನ ಹಾಗೆ ಬೆರೆಸಿಡಿ."

"ಬೆರೆಸಲ್ಲ ಸರ್. ಬೇಕಾದ್ರೆ ನೀವೇ ಬೆರೆಸ್ಕೊಳ್ಳಿ. ನನ್ನ ಕೈಯಲ್ಲಿ ಸುಳ್ಳು ಮಾಡಿಸಬೇಡಿ."

ಸೋಮವಾರ ಬರುವಷ್ಟರಲ್ಲಿ ಅವಳನ್ನು ಕೆಳಗಿನ ಟಿಕೆಟ್ ಕಿಟಕಿಗೆ ಹಾಕಿದ್ದರು. ಆದೇಶದಲ್ಲಿ 'ಸಿಬ್ಬಂದಿ ಕೊರತೆ' ಎಂದಿತ್ತು. ಅವಸರದಲ್ಲಿ ಪೆಟ್ಟಿಗೆಯ ದಾರ ತೆಗೆಯುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ.

"ಹುಳಕ್ಕೋಸ್ಕರ ಯಾರಾದ್ರೂ ಸಾಹೇಬ್ರ ಹತ್ರ ಜಗಳ ಆಡ್ತಾರೇನೇ?" ಎಂದು ಗಂಡ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದ.

"ಎರಡು ಅಳತೆ ಅಂಗೀನ ನೀವು ಒಂದೇ ಅಂತ ಕೊಡ್ತೀರಾ?"

"ಕೊಟ್ರೆ ಗಿರಾಕಿ ಸುಮ್ನೆ ಬಿಡ್ತಾನಾ?"

"ಹುಳಕ್ಕೆ ಬಾಯಿಲ್ಲ. ಅದಕ್ಕೇ ನಾನು ಬಾಯಿ ಮಾಡ್ತಿದೀನಿ."

ಅವನು ಮತ್ತೆ ಪೆಡಲು ತುಳಿಯತೊಡಗಿದ. ಇವಳು ಪಟ್ಟು ಹಿಡಿದರೆ ಜಪ್ಪಯ್ಯ ಎಂದರೂ ಬಿಡುವವಳಲ್ಲ ಎಂದು ಮದುವೆಯಾದ ವಾರದಲ್ಲೇ ತಿಳಿದುಕೊಂಡಿದ್ದ.

ಮುಖ್ಯಸ್ಥರ ಕೈಕೆಳಗೆ ಒಬ್ಬ ಸಂಶೋಧನಾ ವಿದ್ಯಾರ್ಥಿನಿಯಿದ್ದಳು. ಪ್ರತಿ ಬೆಳಿಗ್ಗೆ ಟಿಕೆಟ್ ಕಿಟಕಿಯನ್ನು ದಾಟಿಯೇ ಅವಳು ಮೇಲೆ ಹೋಗಬೇಕು. ಸೂಜಿಯಕ್ಕ ಒಂದು ದಿನವೂ ಬಿಡದೆ ಕಿಟಕಿಯಿಂದ ತಲೆ ಹಾಕಿ ಕೇಳುತ್ತಿದ್ದಳು: "ಏನಮ್ಮ, ಗಂಡು ಹುಳಗಳನ್ನ ಬಿಚ್ಚಿ ನೋಡಿದ್ಯಾ?"

ಮೇಲ್ನೋಟಕ್ಕೆ ಒಂದೇ ಥರ ಕಾಣುವ ಜೀರುಂಡೆಗಳನ್ನು ಹೊಟ್ಟೆಯೊಳಗೆ ಅಡಗಿರುವ ಗಂಡಿನ ಅಂಗದ ಆಕಾರ ನೋಡಿ ಬೇರ್ಪಡಿಸುತ್ತಾರೆ. ಪ್ರೊಫೆಸರರು ಎಂದೋ ಹೇಳಿಕೊಟ್ಟಿದ್ದರು. ಹುಡುಗಿಗೂ ಅದು ಗೊತ್ತಿತ್ತು. ಆದರೆ ತನ್ನ ಗೈಡ್ ಆದ ಮುಖ್ಯಸ್ಥರು ಬೇಡ ಎಂದದ್ದನ್ನು ಮಾಡುವ ಧೈರ್ಯವಿರಲಿಲ್ಲ. ಮೊದಮೊದಲು ನಕ್ಕಳು, ಆಮೇಲೆ ಫೋನ್ ಕಿವಿಗಿಟ್ಟುಕೊಂಡು ಓಡತೊಡಗಿದಳು. ಸೂಜಿಯಕ್ಕ ಅದಕ್ಕೆಲ್ಲ ಸೊಪ್ಪು ಹಾಕಲಿಲ್ಲ. ಸಾಲಿನಲ್ಲಿ ನಿಂತವರ ಮುಂದೆಯೇ "ಗಂಡು ಬಿಚ್ಚಿದ್ಯಾ?" ಎಂದು ಕೂಗುವಳು. ಜನ ತಿರುಗಿ ಹುಡುಗಿಯನ್ನು ನೋಡುವರು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಹುಡುಗಿ ಏದುಸಿರು ಬಿಡುತ್ತ ಕೆಳಗೆ ಬಂದಳು. "ಅಕ್ಕಾ, ಈ ಕಡೆ ಆರು, ಆ ಕಡೆ ಆರು ಬಿಚ್ಚಿದೆ. ಬಯಲಿನದ್ದರ ತುದಿ ಕೊಕ್ಕಿನ ಥರ ಬಾಗಿದೆ. ಕಾಡಿನದ್ದರಲ್ಲಿ ಎರಡು ಸೀಳು. ಆರಕ್ಕೆ ಆರೂ ಹಾಗೇ!"

ಸೂಜಿಯಕ್ಕ ಕಿಟಕಿಗೆ 'ಮುಚ್ಚಿದೆ' ಹಲಗೆ ತೂಗುಹಾಕಿ, ಸಾಲಿನವರು ಬೈಯುತ್ತಿದ್ದರೂ ಕಿವಿಯ ಮೇಲೆ ಹಾಕಿಕೊಳ್ಳದೆ ಮೂರು ಮಹಡಿ ಹತ್ತಿದಳು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಳು. ಹೌದು, ಎರಡು ಸೀಳು. ಅವಳು ಮುಖ್ಯಸ್ಥರ ಕೋಣೆಯ ಬಾಗಿಲು ತಟ್ಟಲೂ ಇಲ್ಲ. "ಬನ್ನಿ ಸರ್, ಈಗಲಾದ್ರೂ ನೋಡಿ" ಎಂದಳು.

ಅವರು ನೋಡಿದರು, ಬಹಳ ಹೊತ್ತು. "ಇನ್ನೂ ಹತ್ತು ಬಿಚ್ಚಿ" ಎಂದಷ್ಟೇ ಹೇಳಿದರು. ಹತ್ತರಲ್ಲೂ ಅದೇ ಬಂತು. ಆಮೇಲೆ ಅವರು ವಾದ ಮಾಡಲಿಲ್ಲ. ಆ ಮಟ್ಟಿಗೆ ಪ್ರಾಮಾಣಿಕರು. ಕಾಡಿನ ಎಂಬತ್ತಮೂರು ಹುಳು ಈವರೆಗೆ ಯಾರೂ ಹೆಸರಿಡದ ಹೊಸ ಪ್ರಭೇದವೆಂದು ಲೇಖನ ಸಿದ್ಧವಾಯಿತು. ಬರೆದವರು ಇಬ್ಬರು: ಮುಖ್ಯಸ್ಥರು, ವಿದ್ಯಾರ್ಥಿನಿ.

ಸೂಜಿಯಕ್ಕನನ್ನು ಕರೆಸಿ, "ನಿಮಗೊಂದು ಸಿಹಿ ಸುದ್ದಿ. ಹುಳಕ್ಕೆ ನಿಮ್ಮ ಹೆಸರನ್ನೇ ಇಡ್ತಿದೀವಿ" ಎಂದರು.

"ಹುಳಕ್ಕೆ ನನ್ನ ಹೆಸರು ಬೇಡ ಸರ್. ಬರೆದವರ ಸಾಲಲ್ಲಿ ಹಾಕಿ."

"ಇದು ಎಷ್ಟು ದೊಡ್ಡ ಗೌರವ ಗೊತ್ತಾ? ದೊಡ್ಡ ದೊಡ್ಡ ವಿಜ್ಞಾನಿಗಳು ಇದಕ್ಕೆ ಕಾಯ್ತಾರೆ."

"ಹೆಸರಿಟ್ರೆ ನೀವು ಕೊಟ್ಟ ಹಾಗಾಯ್ತು. ಸಾಲಲ್ಲಿ ಹಾಕಿದ್ರೆ ನಾನು ಮಾಡಿದ ಹಾಗಾಗುತ್ತೆ."

ಅವರ ಸಹನೆಯ ಕಟ್ಟೆಯೊಡೆಯಿತು. "ಓದಿರೋದು ಏಳನೇ ಕ್ಲಾಸು, ನೆನಪಿರಲಿ!"

"ಹುಳ ನನ್ನ ಮಾರ್ಕ್ಸ್ ಕಾರ್ಡ್ ಕೇಳಲಿಲ್ಲ ಸರ್." ಬಗಲಲ್ಲಿದ್ದ ನೋಟ್‌ಬುಕ್ಕನ್ನು ಇನ್ನಷ್ಟು ಒತ್ತಿ ಹಿಡಿದಳು. "ಇನ್ನೂರ ಹದಿನಾಲ್ಕರ ಅಳತೆಯೂ ಇದರಲ್ಲಿದೆ. ಹೆಸರು ಬಂದ ದಿನ ಇದೂ ಬರುತ್ತೆ."

ಆಗ ಮಾತಾಡಿದವಳು ಗೋಡೆಗೆ ಅಂಟಿಕೊಂಡು ನಿಂತಿದ್ದ ಹುಡುಗಿ. "ಸರ್... ಅಕ್ಕನ ಹೆಸರಿಲ್ದಿದ್ರೆ ನನ್ನದೂ ತೆಗೆದುಬಿಡಿ."

ಹನ್ನೆರಡು ದಿನ ಬಿಟ್ಟು ಮುಖ್ಯಸ್ಥರು ಮೂರು ಹೆಸರಿನ ಹೊಸ ಪ್ರತಿಯನ್ನು ಟಿಕೆಟ್ ಕಿಟಕಿಗೆ ಕಳಿಸಿದರು. ಸೂಜಿಯಕ್ಕ ತನ್ನ ಹೆಸರನ್ನು ಅಕ್ಷರ ಅಕ್ಷರ ಓದಿ ನೋಡಿದಳು. ಕಾಗುಣಿತ ಒಂದು ಕಡೆ ತಪ್ಪಿತ್ತು, ತಿದ್ದಿದಳು. ನೋಟ್‌ಬುಕ್ಕನ್ನು ತಾನೇ ಮೇಲೆ ಒಯ್ದು ಕೊಟ್ಟಳು.

ಲೇಖನ ಅಚ್ಚಾಗಲು ಒಂದು ವರ್ಷ ಹಿಡಿಯಿತು. ಆ ಹೊತ್ತಿಗೆ ಅವಳು ಹುಳದ ಕೋಣೆಗೆ ಮರಳಿದ್ದಳು. ಅಲ್ಲಿ ಕುಳಿತ ಹೊಸಬರು ಮುರಿದ ಹುಳದ ಕಾಲುಗಳೇ ಒಂದು ಡಬ್ಬಿಯಷ್ಟಾಗಿ ಮುಖ್ಯಸ್ಥರಿಗೆ ಬೇರೆ ದಾರಿ ಉಳಿದಿರಲಿಲ್ಲ. ಅವರು ಈಗಲೂ ಇವಳ ಹತ್ತಿರ ಬೇಕಾದಷ್ಟೇ ಮಾತಾಡುತ್ತಾರೆ. ಇವಳೂ ಅಷ್ಟೇ.

ಅಚ್ಚಾದ ಲೇಖನವನ್ನು ಅವಳು ಗಂಡನ ಅಂಗಡಿಗೆ ಒಯ್ದು ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಹರಡಿದಳು. ಅವನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಹೆಸರುಗಳ ಮೇಲೆ ಬೆರಳಾಡಿಸಿದ.

"ನಿಂದು ಎರಡನೇದು. ಯಾಕೆ, ಮೊದಲನೇದು ಯಾಕಲ್ಲ?"

"ಅದಕ್ಕೆ ಬೇರೆ ಜಗಳ ಆಡ್ಬೇಕು" ಎಂದಳು ಸೂಜಿಯಕ್ಕ. "ಆಡ್ತೀನಿ."