ಒಂದು ಗೋಲಿನ ಸಾಹೇಬರು

ಇದನ್ನು ಹೇಳಲು ಕುಳಿತಾಗಲೆಲ್ಲ ನನಗೆ ಕಾಫಿ ನೆನಪಾಗುತ್ತದೆ, ಕಾಫಿಯ ಹಿಂದೆಯೇ ನಿದ್ದೆ. ಹೀಗೆ ಮುಂದೂಡುತ್ತಲೇ ಮುದುಕನಾದೆ. ಇವತ್ತು ಕಾಫಿ ಮೊದಲೇ ಆಗಿದೆ; ನೆಪ ಮುಗಿಯಿತು.

ರಿಸೆಷನ್ ಕಾಲ. ಪರದೇಶದಲ್ಲಿ, ಬೋಲಿಂಗ್‌ಬ್ರೂಕ್ ಎಂಬ ಊರಿನ ಗೋದಾಮೊಂದರಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದೆ. ಹೈಸ್ಕೂಲಿಗೇ ಓದು ನಿಲ್ಲಿಸಿದವನಿಗೆ ಅದೇ ವಿಮಾನ. ಪಕ್ಕದ ಸಾಲಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದವನು ಕ್ರೊಯೇಷಿಯಾದಲ್ಲಿ ಹನ್ನೆರಡು ವರ್ಷ ಫುಟ್‌ಬಾಲ್ ಆಡಿ ನಿವೃತ್ತನಾದವನು. ಅವನಿಗಿಂತ ಮೊದಲು ಅವನ ಮೊಣಕಾಲು ನಿವೃತ್ತವಾಗಿತ್ತು. ಗೋದಾಮಿನಲ್ಲಿ ಜನರನ್ನು ತೆಗೆಯತೊಡಗಿದಾಗ ಅವನೂ ಹೋದ. ಅದೇ ಹೊತ್ತಿಗೆ ನಮ್ಮ ಕನ್ನಡ ಸಂಘ ಮಕ್ಕಳಿಗೆ ಸಾಕರ್, ಅಂದರೆ ಅದೇ ಫುಟ್‌ಬಾಲ್, ಕಲಿಸುವ ಕೋಚ್ ಹುಡುಕುತ್ತಿತ್ತು. ಆ ಕೆಲಸವೂ ಸಿಗದಿದ್ದರೆ ಊರು ಬಿಡಬೇಕು, ನಿಮ್ಮವರಿಗೆ ಒಂದು ಮಾತು ಹೇಳು ಎಂದ.

ಸಂಘದ ಪಿಕ್ನಿಕ್‌ಗೆ ಕರೆದೊಯ್ದೆ. ಬಿಸಿಬೇಳೆಬಾತಿನ ಸಾಲಿನಲ್ಲೇ ಸಂದರ್ಶನ. ನಾವೋ ಕ್ರಿಕೆಟ್ಟಿನ ಜನ. ಯಾವ ಆಟಗಾರನನ್ನು ಕಂಡರೂ ಸ್ಕೋರ್ ಕೇಳುವವರು.

"ಎಷ್ಟು ಗೋಲ್ ಹೊಡ್ದಿದಾರ್ರೀ ಇವ್ರು?" ಎಂದರು ಅಧ್ಯಕ್ಷರು.

ಅವನು ಡಿಫೆಂಡರ್, ಗೋಲು ತಡೆಯುವುದು ಅವನ ಕೆಲಸ ಎಂದು ನನಗೆ ಗೊತ್ತಿತ್ತು. ಗೋದಾಮಿನ ಊಟದ ಬಿಡುವಿನಲ್ಲಿ ಉಪ್ಪಿನ ಡಬ್ಬಿ, ಲೋಟ ಇಟ್ಟು ತೋರಿಸಿದ್ದ. ಆದರೆ ಡಾಕ್ಟರು, ಎಂಜಿನಿಯರುಗಳ ನಡುವೆ ನನ್ನ ಮಾತಿಗೆ ನಗು ಸಿಗುವುದು ಅಪರೂಪ.

"ಹನ್ನೆರಡು ವರ್ಷಕ್ಕೆ ಒಂದು, ಸಾರ್. ಅದೂ ತಮ್ಮ ಟೀಮಿನ ಮೇಲೇ!"

ಸುಳ್ಳಲ್ಲ, ಅವನೇ ನಗುತ್ತ ನನಗೆ ಹೇಳಿದ್ದ ಗುಟ್ಟು.

"ಒಂದು ಗೋಲಿನ ಸಾಹೇಬ್ರು ಅನ್ನಿ!" ಎಂದರು ಅಧ್ಯಕ್ಷರು. ನಗುವೋ ನಗು. ಕನ್ನಡ ಬಾರದ ಅವನೂ ನಕ್ಕ. ನಾನು ಹೊಗಳಿದೆನೆಂದುಕೊಂಡು ಭುಜ ತಟ್ಟಿದ. ಆ ತಟ್ಟಿದ ಜಾಗ ಇನ್ನೂ ಬೆಚ್ಚಗಿದೆ.

ಕೋಚ್ ಕೆಲಸ, ಕಾಲೇಜಿನಲ್ಲಿ ಗೋಲು ಹೊಡೆದಿದ್ದ ಬೇರೆ ಯಾರಿಗೋ ಹೋಯಿತು. ಆ ವರ್ಷ ನಮ್ಮ ಮಕ್ಕಳೆಲ್ಲ ಮುಂದಕ್ಕೇ ಓಡಿದರು. ಹಿಂದೆ ಗೋಲು ಕಾಯಲು ಯಾರೂ ಇಲ್ಲದೆ ಸೋತದ್ದೇ ಸೋತದ್ದು. ಕೆಲಸ ಸಿಗದ ಅವನು ಸಂಸಾರ ಕಟ್ಟಿಕೊಂಡು ಎತ್ತ ಹೋದನೋ. ಹೊರಡುವ ಮುಂಚೆ ಫೋನ್ ಮಾಡಿದ್ದ. ನಾನು ಎತ್ತಲಿಲ್ಲ.

ಈಗ ವಿಕ್ಸಮ್ ಎಂಬ ಊರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳು ಸಾಕರ್ ಆಡುತ್ತಾಳೆ. ಕಳೆದ ಶನಿವಾರ ಮ್ಯಾಚ್ ಮುಗಿಸಿ ಓಡಿ ಬಂದಳು.

"ಎಷ್ಟು ಗೋಲ್ ಹೊಡ್ದೆ ಪುಟ್ಟಿ?" ಎಂದೆ. ಬುದ್ಧಿ ಬರಬೇಕಲ್ಲ!

"ಜೀರೋ, ತಾತಾ. ಐ ಪ್ಲೇ ಡಿಫೆನ್ಸ್. ದೇ ಆಲ್ಸೋ ಗಾಟ್ ಜೀರೋ!" ಎಂದು ಕುಣಿದಳು.

ಎದುರಾಳಿಯ ಸೊನ್ನೆಯೇ ಅವಳ ಸೆಂಚುರಿ. ಎದ್ದು ನಿಂತು, ಸುತ್ತಲಿನವರು ತಿರುಗಿ ನೋಡುವಷ್ಟು ಚಪ್ಪಾಳೆ ತಟ್ಟಿದೆ. ಅದರಲ್ಲಿ ಅರ್ಧ ಮೊಮ್ಮಗಳದು. ಉಳಿದರ್ಧ, ಆ ಪಿಕ್ನಿಕ್‌ನಲ್ಲೇ ಸಲ್ಲಬೇಕಿದ್ದದ್ದು, ಪಕ್ಕದ ಸಾಲಿನ ನನ್ನ ಗೆಳೆಯ ಸ್ಟೀಪೆಗೆ.